ಕಂಪೈಲ್ ಅರ್ಧಕ್ಕೆ ನಿಂತಾಗ ತಪ್ಪು ಯಾರದು?

ಬಾಗಲಕೋಟೆಯ ನವನಗರದಲ್ಲಿ ಸಂಜೆ ಹೊತ್ತು ನಾನು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಲಿನಕ್ಸ್ ಹೇಳಿಕೊಡುತ್ತೇನೆ. ಮಾರ್ಚ್ ತಿಂಗಳ ಒಂದು ಸಂಜೆ ಇಳಕಲ್ಲಿನ ವಿದ್ಯಾರ್ಥಿನಿಯೊಬ್ಬಳು ಲ್ಯಾಪ್‌ಟಾಪನ್ನು ತೆರೆದಂತೆಯೇ ಎರಡೂ ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದಳು. ಮುಚ್ಚಿದರೆ ಪರದೆಯ ಮೇಲಿದ್ದ ಸಾಲು ಎಲ್ಲಿ ಅಳಿಸಿಹೋಗುತ್ತದೋ ಎಂಬ ಆತಂಕ ಅವಳದು. ಅಂತಿಮ ವರ್ಷದ ಪ್ರಾಜೆಕ್ಟ್‌ಗಾಗಿ ಅವಳು ಎಲ್‌ಎಲ್‌ವಿಎಂ ಎಂಬ ದೊಡ್ಡ ಕಂಪೈಲರ್ ತಂತ್ರಾಂಶವನ್ನು ಅದರ ಮೂಲ ಕೋಡ್‌ನಿಂದ ಕಟ್ಟುತ್ತಿದ್ದಳು. ನಾವು ಬರೆದ ಕೋಡನ್ನು ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ಬದಲಿಸುವುದೇ ಕಂಪೈಲ್, ಅದನ್ನು ಮಾಡುವ ಪ್ರೋಗ್ರಾಂ ಕಂಪೈಲರ್. ವಿಂಡೋಸ್ ಲ್ಯಾಪ್‌ಟಾಪ್, ಅದರೊಳಗೆ ವರ್ಚುವಲ್ ಮಷಿನ್ ಅಂದರೆ ಯಂತ್ರದೊಳಗೊಂದು ತೋರಿಕೆಯ ಯಂತ್ರವನ್ನು ಸೃಷ್ಟಿಸುವ ವರ್ಚುವಲ್‌ಬಾಕ್ಸ್, ವರ್ಚುವಲ್‌ಬಾಕ್ಸ್‌ನೊಳಗೆ ಉಬುಂಟು ಎಂಬ ಲಿನಕ್ಸ್. ಸಾವಿರಾರು ಹಂತಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಮುಗಿದಿತ್ತು. ಅಲ್ಲಿಗೆ ಬಂದು ಎಲ್ಲವೂ ನಿಂತಿತ್ತು. ಕೊನೆಯ ಸಾಲು ಹೀಗಿತ್ತು: ‘ಕಲೆಕ್ಟ್2: ಫೇಟಲ್ ಎರರ್: ಎಲ್‌ಡಿ ಟರ್ಮಿನೇಟೆಡ್ ವಿತ್ ಸಿಗ್ನಲ್ 9’.

“ಸರ್, ಮೂರು ಸಲ ಹೀಗೇ ಆಯಿತು. ಉಬುಂಟುವನ್ನು ತೆಗೆದು ಮತ್ತೆ ಹಾಕಿದೆ. ಕೋಡ್ ಎಲ್ಲ ಮತ್ತೆ ಡೌನ್‌ಲೋಡ್ ಮಾಡಿದೆ. ನಾನು ಎಲ್ಲಿ ತಪ್ಪು ಮಾಡಿದ್ದೇನೆ ಎಂದೇ ತಿಳಿಯುತ್ತಿಲ್ಲ” ಎಂದಳು.

ಅವಳು ಯಾವ ತಪ್ಪನ್ನೂ ಮಾಡಿರಲಿಲ್ಲ. ಕೋಡ್‌ನಲ್ಲಿ ದೋಷವಿರಲಿಲ್ಲ, ಉಬುಂಟುವಿನಲ್ಲಿ ಇರಲಿಲ್ಲ, ಕಂಪೈಲರ್‌ನಲ್ಲೂ ಇರಲಿಲ್ಲ. ಮೆಮೊರಿ, ಅಂದರೆ ರ‍್ಯಾಮ್, ಮುಗಿದಿತ್ತು, ಅಷ್ಟೇ. ಆದರೆ ‘ಮೆಮೊರಿ ಮುಗಿದಿದೆ’ ಎಂದು ಆ ಪರದೆಯ ಮೇಲೆ ಎಲ್ಲಿಯೂ ಬರೆದಿರಲಿಲ್ಲ. ಪ್ರತಿ ವರ್ಷ ಹತ್ತಾರು ಮಕ್ಕಳು ಇದೇ ಗೋಡೆಗೆ ತಲೆ ಚಚ್ಚಿಕೊಳ್ಳುವುದನ್ನು ನಾನು ನೋಡುತ್ತಿದ್ದೇನೆ. ‘ದೊಡ್ಡ ತಂತ್ರಾಂಶ ನಮ್ಮಂಥವರ ಕೈಗೆ ಎಟುಕುವುದಲ್ಲ’ ಎಂದು ಕೆಲವರು ಪ್ರಾಜೆಕ್ಟನ್ನೇ ಬದಲಾಯಿಸಿಬಿಡುತ್ತಾರೆ. ಅದಕ್ಕಾಗಿ ಈ ವಿಷಯವನ್ನು ಬುಡದಿಂದ ಬಿಡಿಸಿ ಬರೆಯಬೇಕೆನಿಸಿತು.

ಮೊದಲು ಆ ಸಾಲನ್ನೇ ಓದೋಣ. ‘ಎಲ್‌ಡಿ’ ಎಂದರೆ ಲಿಂಕರ್, ಕಂಪೈಲ್ ಆದ ತುಣುಕುಗಳನ್ನು ಕೂಡಿಸಿ ಒಂದು ಕಡತ ಮಾಡುವ ಪ್ರೋಗ್ರಾಂ. ‘ಸಿಗ್ನಲ್ 9’ ಎಂದರೆ ಯಾರೋ ಅದನ್ನು ಬಲವಂತವಾಗಿ ಕೊಂದಿದ್ದಾರೆ ಎಂದರ್ಥ. ತನ್ನ ತಪ್ಪಿನಿಂದ ಕುಸಿದ ಪ್ರೋಗ್ರಾಂಗೆ ಬೇರೆ ಸಂಖ್ಯೆ ಬರುತ್ತದೆ, ಉದಾಹರಣೆಗೆ ತನ್ನದಲ್ಲದ ವಿಳಾಸವನ್ನು ಮುಟ್ಟಿದರೆ 11. ಒಂಬತ್ತು ಎಂಬುದು ಹೊರಗಿನಿಂದ ಬಂದ ಆಜ್ಞೆ, ಅದನ್ನು ಯಾವ ಪ್ರೋಗ್ರಾಮೂ ತಡೆಯಲಾರದು. ಕೊಂದದ್ದು ಕರ್ನಲ್, ಅಂದರೆ ಮೆಮೊರಿಯನ್ನು ಹಂಚುವ ಲಿನಕ್ಸ್‌ನ ತಿರುಳು. ಅದರ ಸಾಕ್ಷ್ಯ ಬೇರೆ ಕಡೆ ಇರುತ್ತದೆ. ‘ಡಿಎಂಇಎಸ್‌ಜಿ’ ಎಂಬ ಆದೇಶ ಕೊಟ್ಟರೆ ಕರ್ನಲ್ ಬರೆದಿಟ್ಟ ದಿನಚರಿ ತೆರೆದುಕೊಳ್ಳುತ್ತದೆ. ‘ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೊಸೆಸ್’ ಎಂಬ ಸಾಲು, ಸತ್ತ ಪ್ರೋಗ್ರಾಂನ ಹೆಸರು, ಅದು ಆ ಹೊತ್ತಿಗೆ ಹಿಡಿದಿದ್ದ ಮೆಮೊರಿಯ ಲೆಕ್ಕ ಎಲ್ಲವೂ ಅಲ್ಲಿವೆ. ಅವಳ ಯಂತ್ರದಲ್ಲಿ ಆ ಸಾಲು ಹನ್ನೊಂದು ಸಲ ಬಿದ್ದಿತ್ತು. ಅವಳು ಮೂರು ದಿನವೂ ಬೇರೆ ಕಡತಗಳಲ್ಲಿ ಹುಡುಕುತ್ತಿದ್ದಳು.

ಇದೇ ಸಾವು ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಜಿಸಿಸಿ ಎಂಬ ಕಂಪೈಲರ್‌ನ ಹೊಸ ಆವೃತ್ತಿಗಳು ‘ಕಿಲ್ಡ್ ಸಿಗ್ನಲ್ ಟರ್ಮಿನೇಟೆಡ್ ಪ್ರೋಗ್ರಾಂ ಸಿಸಿ1ಪ್ಲಸ್’ ಎನ್ನುತ್ತವೆ. ಹಳೆಯ ಆವೃತ್ತಿಗಳು ‘ಇಂಟರ್ನಲ್ ಕಂಪೈಲರ್ ಎರರ್: ಕಿಲ್ಡ್’ ಎಂದು ಹೇಳಿ, ದೋಷದ ವರದಿ ಕಳಿಸಿ ಎಂದು ವಿನಂತಿಯನ್ನೂ ಮಾಡುತ್ತಿದ್ದವು. ಇಲ್ಲದ ದೋಷಕ್ಕೆ ವರದಿ ಬರೆದವರು ಎಷ್ಟೋ ಮಂದಿ. ಕಂಟೈನರ್‌ಗಳಲ್ಲಿ, ಅಂದರೆ ಪ್ರೋಗ್ರಾಂ ಓಡಿಸುವ ಪ್ರತ್ಯೇಕ ಆವರಣಗಳಲ್ಲಿ, ಕೆಲಸ ಮಾಡುವವರಿಗೆ 137 ಎಂಬ ಅಂಕಿ ಮಾತ್ರ ಕಾಣುತ್ತದೆ. ಸಿಗ್ನಲ್‌ನ ಸಂಖ್ಯೆಯನ್ನು 128ಕ್ಕೆ ಕೂಡಿಸಿ ತೋರಿಸುವುದು ರೂಢಿ. 128ಕ್ಕೆ 9 ಕೂಡಿಸಿದರೆ 137, ಅಲ್ಲಿಯೂ ಅದೇ ಒಂಬತ್ತು.

ಇನ್ನೊಂದು ಗೊಂದಲವೂ ಇದೆ. ಅದೇ ಆದೇಶವನ್ನು ಮತ್ತೆ ಕೊಟ್ಟರೆ ಕೆಲಸ ಒಮ್ಮೊಮ್ಮೆ ಇನ್ನಷ್ಟು ದೂರ ಸಾಗುತ್ತದೆ. ಹಿಂದಿನ ಸಲ ಮುಗಿದ ಕಡತಗಳನ್ನು ಮತ್ತೆ ಮಾಡಬೇಕಾಗಿಲ್ಲ. ಈ ಸಲ ಜೊತೆಯಲ್ಲಿ ಓಡುವ ಕಡತಗಳು ಬೇರೆ, ಅವು ಹಗುರವಿದ್ದರೆ ದಾಟಿಹೋಗುತ್ತವೆ. ಹೀಗೆ ನಾಲ್ಕೈದು ಸಲ ಒತ್ತಿ ಕೊನೆಗೆ ಗೆದ್ದವನು ‘ಹೇಗೋ ಸರಿಹೋಯಿತು’ ಎಂದುಕೊಳ್ಳುತ್ತಾನೆ. ಕಾರಣ ತಿಳಿಯದೆಯೇ ಉಳಿಯುತ್ತದೆ, ಮುಂದಿನ ತಿಂಗಳು ಅದೇ ತೊಂದರೆ ಮತ್ತೆ ಬರುತ್ತದೆ.

ಕಂಪೈಲ್ ಮಾಡುವುದಕ್ಕೆ ಇಷ್ಟೊಂದು ಮೆಮೊರಿ ಏಕೆ ಬೇಕು? ನಾವು ಬರೆಯುವ ಐದು ಸಾಲಿನ ಸಿ++ ಪ್ರೋಗ್ರಾಮನ್ನೇ ತೆಗೆದುಕೊಳ್ಳಿ. ಪರದೆಯ ಮೇಲೆ ‘ನಮಸ್ಕಾರ’ ಎಂದು ಬರೆಯುವಷ್ಟೇ ಅದರ ಕೆಲಸ. ಮೇಲಿನ ಸಾಲಿನಲ್ಲಿ ಐಓಸ್ಟ್ರೀಮ್ ಎಂಬ ಹೆಡರ್ ಕಡತವನ್ನು ಕರೆದಿರುತ್ತೇವೆ. ಅದು ಮತ್ತೊಂದನ್ನು ಕರೆಯುತ್ತದೆ, ಆ ಮತ್ತೊಂದು ಇನ್ನೊಂದನ್ನು. ಕಂಪೈಲರ್‌ನ ಮುಂದೆ ಕೊನೆಗೆ ಬಂದು ಕೂರುವುದು ಸುಮಾರು ಮೂವತ್ತು ಸಾವಿರ ಸಾಲು. ಅವನ್ನೆಲ್ಲ ಓದಿ, ಅರ್ಥದ ಮರವಾಗಿ ಕಟ್ಟಿ, ಆ ಕಡತ ಮುಗಿಯುವವರೆಗೆ ಮೆಮೊರಿಯಲ್ಲಿ ಹಿಡಿದುಕೊಂಡಿರಬೇಕು. ಟೆಂಪ್ಲೇಟ್‌ಗಳನ್ನು ಧಾರಾಳವಾಗಿ ಬಳಸಿದ ಕೋಡ್‌ನಲ್ಲಿ ಒಂದೇ ಫಂಕ್ಷನ್ ಹತ್ತು ಬಗೆಯ ದತ್ತಾಂಶಕ್ಕೆ ಹತ್ತು ಪ್ರತಿಗಳಾಗಿ ಬೆಳೆಯುತ್ತದೆ. ಬರೆದವರ ಕಣ್ಣಿಗೆ ಇಪ್ಪತ್ತು ಸಾಲು, ಕಂಪೈಲರ್‌ನ ಹೊಟ್ಟೆಯಲ್ಲಿ ನೂರಾರು ಮೆಗಾಬೈಟ್. ಭಾರಿ ಕಡತವಾದರೆ ಒಂದು ಜಿಬಿ, ಒಂದೂವರೆ ಜಿಬಿ ದಾಟುವುದೂ ಉಂಟು. ಸರಳ ಸಿ ಭಾಷೆಯಲ್ಲಿ ಹೀಗಿಲ್ಲ. ಎಸ್‌ಕ್ಯೂಲೈಟ್ ಎಂಬ ದತ್ತಕೋಶದ ಕೋಡ್ ಎರಡು ಲಕ್ಷಕ್ಕೂ ಹೆಚ್ಚು ಸಾಲುಗಳ ಒಂದೇ ಕಡತವಾಗಿ ಸಿಗುತ್ತದೆ, ಆದರೂ ಅದು ಸಾಧಾರಣ ಯಂತ್ರದಲ್ಲಿ ತಕರಾರಿಲ್ಲದೆ ಕಂಪೈಲ್ ಆಗುತ್ತದೆ. ಸಾಲುಗಳ ಸಂಖ್ಯೆಗಿಂತ ಸಾಲುಗಳ ಹಿಂದೆ ಬಿಚ್ಚಿಕೊಳ್ಳುವ ಸಾಮಗ್ರಿಯೇ ಮೆಮೊರಿಯನ್ನು ತಿನ್ನುತ್ತದೆ.

ಆದರೆ ಅವಳ ಕೆಲಸ ನಿಂತದ್ದು ಕಂಪೈಲ್‌ನಲ್ಲಲ್ಲ, ಲಿಂಕ್‌ನಲ್ಲಿ. ಅವಳಿಗೆ ಇದನ್ನು ವಿವರಿಸಲು ನಾನು ಹೆಚ್ಚು ಕಷ್ಟಪಡಬೇಕಾಗಲಿಲ್ಲ. ಅವಳ ಮನೆಯಲ್ಲಿ ಮಗ್ಗ ಇದೆ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಪ್ರತ್ಯೇಕವಾಗಿ ಸಿದ್ಧಮಾಡಿ, ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಕೂಡಿಸುತ್ತಾರೆ. ಈ ಕೊಂಡಿಯೇ ಇಳಕಲ್ ಸೀರೆಯ ಗುರುತು. ಹಾಸು ಸಿದ್ಧಮಾಡುವಾಗ ಒಂದೊಂದನ್ನೂ ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಮಾಡಬಹುದು. ಕೊಂಡಿ ಹಾಕುವಾಗ ಹಾಗಲ್ಲ. ಎರಡೂ ಕಡೆಯ ಎಳೆಗಳು ಒಟ್ಟಿಗೆ ಕಣ್ಣ ಮುಂದೆ ಇರಬೇಕು. ಒಂದು ಎಳೆಗೆ ಜೊತೆ ಸಿಗದಿದ್ದರೆ ಅಲ್ಲಿಗೆ ಕೆಲಸ ನಿಂತಿತು.

ಲಿಂಕರ್ ಮಾಡುವುದು ಇದೇ ಕೆಲಸ. ಒಂದು ಕಡತದಲ್ಲಿ ಕರೆದ ಫಂಕ್ಷನ್ ಇನ್ನಾವ ಕಡತದಲ್ಲಿದೆ ಎಂದು ಎಳೆಗೆ ಎಳೆ ಹುಡುಕಿ ಕೂಡಿಸುತ್ತದೆ. ಅದಕ್ಕಾಗಿ ಸಾವಿರಾರು ತುಣುಕುಗಳ ಹೆಸರುಪಟ್ಟಿಯನ್ನೂ ಅವುಗಳ ಒಡಲನ್ನೂ ಒಟ್ಟಿಗೆ ಹರಡಿಕೊಂಡು ಕೂರುತ್ತದೆ. ಕಂಪೈಲ್ ಆಗುವಾಗ ಒಂದೊಂದು ಕಡತದ ಭಾರವಷ್ಟೇ ಇರುತ್ತದೆ, ಲಿಂಕ್ ಆಗುವಾಗ ಇಡೀ ತಂತ್ರಾಂಶದ ಭಾರ ಒಮ್ಮೆಲೇ ಬೀಳುತ್ತದೆ. ದೋಷ ಹುಡುಕಲು ನೆರವಾಗುವ ಡಿಬಗ್ ಮಾಹಿತಿಯನ್ನೂ ಸೇರಿಸಿ ಕಟ್ಟಿದರೆ ಆ ಭಾರ ಹಲವು ಪಟ್ಟು ಏರುತ್ತದೆ. ಅವಳು ಕಟ್ಟುತ್ತಿದ್ದದ್ದು ಡಿಬಗ್ ಮಾದರಿಯನ್ನೇ. ಎಲ್‌ಎಲ್‌ವಿಎಂನಲ್ಲಿ ಕೊನೆಗೆ ತಯಾರಾಗುವುದು ಒಂದು ಪ್ರೋಗ್ರಾಂ ಅಲ್ಲ, ಹತ್ತಾರು. ಒಂದೊಂದರೊಳಗೂ ಅವೇ ಲೈಬ್ರರಿಗಳು ಮತ್ತೆ ಮತ್ತೆ ಸೇರುತ್ತವೆ. ಡಿಬಗ್ ಮಾದರಿಯಲ್ಲಿ ದೊಡ್ಡ ಲಿಂಕ್ ಒಂದಕ್ಕೇ ಹಲವು ಜಿಬಿ ಬೇಕಾಗಬಹುದು. ಅವಳ ವರ್ಚುವಲ್ ಮಷಿನ್‌ನಲ್ಲಿ ಅಂಥವು ಒಂದೇ ಹೊತ್ತಿಗೆ ಆರು ಓಡುತ್ತಿದ್ದವು.

ಆರು ಎಂಬ ಅಂಕಿ ಎಲ್ಲಿಂದ ಬಂತು? ನನ್ನ ವಾದವಿರುವುದು ಇಲ್ಲಿ. ಕಂಪೈಲ್, ಲಿಂಕ್ ಕೆಲಸಗಳನ್ನು ಓಡಿಸಲು ಅವಳು ಬಳಸಿದ ನಿಂಜಾ ಎಂಬ ಸಾಧನಕ್ಕೆ ಏಕಕಾಲಕ್ಕೆ ಎಷ್ಟು ಕೆಲಸ ಓಡಿಸಬೇಕೆಂದು ನಾವು ಹೇಳದಿದ್ದರೆ ಅದು ಪ್ರೊಸೆಸರ್‌ನ ಕೋರ್‌ಗಳನ್ನು, ಅಂದರೆ ಒಟ್ಟಿಗೆ ಕೆಲಸ ಮಾಡಬಲ್ಲ ಘಟಕಗಳನ್ನು, ಎಣಿಸಿ ಎರಡು ಕೂಡಿಸಿಕೊಳ್ಳುತ್ತದೆ. ವರ್ಚುವಲ್‌ಬಾಕ್ಸ್‌ನಲ್ಲಿ ಅವಳು ನಾಲ್ಕು ಕೋರ್ ಕೊಟ್ಟಿದ್ದಳು. ನಾಲ್ಕು ಮತ್ತು ಎರಡು, ಆರು. ಮೆಮೊರಿ ಎಷ್ಟಿದೆ ಎಂದು ನಿಂಜಾ ನೋಡಲೇ ಇಲ್ಲ. ನೋಡಿದ್ದರೆ 4 ಜಿಬಿ ಕಾಣುತ್ತಿತ್ತು. ಅದರಲ್ಲಿ ಉಬುಂಟುವಿನ ಡೆಸ್ಕ್‌ಟಾಪ್ ಸುಮಾರು ಒಂದು ಜಿಬಿಯನ್ನು ಆಗಲೇ ತಿಂದಿತ್ತು. ಉಳಿದ ಮೂರು ಜಿಬಿಯನ್ನು ಆರು ಪಾಲು ಮಾಡಿದರೆ ಒಂದೊಂದಕ್ಕೆ ಅರ್ಧ ಜಿಬಿ. ಹಲವು ಜಿಬಿ ಬೇಡುವ ಕೆಲಸಕ್ಕೆ ಅರ್ಧ ಜಿಬಿ.

ಹಳೆಯ ಸಾಧನವಾದ ಮೇಕ್ ಕೂಡ ಇದಕ್ಕಿಂತ ಒಳ್ಳೆಯದೇನಲ್ಲ. ಏನೂ ಹೇಳದಿದ್ದರೆ ಅದು ಒಂದೊಂದೇ ಕೆಲಸ ಮಾಡುತ್ತದೆ, ಅದು ಸುರಕ್ಷಿತ. ಆದರೆ ಏಕಕಾಲದ ಕೆಲಸಗಳ ಸಂಖ್ಯೆಯನ್ನು ಹೇಳಲು ‘-ಜೆ’ ಎಂದು ಬರೆದು ಮುಂದೆ ಸಂಖ್ಯೆ ಬರೆಯಲು ಮರೆತರೆ ಮಿತಿಯೇ ಇಲ್ಲದೆ ಎಲ್ಲವನ್ನೂ ಒಟ್ಟಿಗೆ ಶುರುಮಾಡಿಬಿಡುತ್ತದೆ. ಯಂತ್ರದ ಮೇಲಿನ ಹೊರೆ ನೋಡಿ ಹೊಸ ಕೆಲಸಗಳನ್ನು ತಡೆಹಿಡಿಯುವ ಆಯ್ಕೆ ಮೇಕ್‌ನಲ್ಲೂ ಇದೆ, ನಿಂಜಾದಲ್ಲೂ ಇದೆ. ಉಳಿದ ಮೆಮೊರಿ ನೋಡಿ ತಡೆಯುವ ಅಂಥ ಆಯ್ಕೆ ಇಲ್ಲ. ಅಂತರಜಾಲದಲ್ಲಿ ಸಿಗುವ ಬಹುತೇಕ ಸೂಚನೆಗಳೂ ‘ಎಷ್ಟು ಕೋರ್ ಇವೆಯೋ ಅಷ್ಟು ಕೊಡಿ’ ಎನ್ನುತ್ತವೆ. ಈ ಸೂಚನೆ ಬರೆದವರ ಮೇಜಿನ ಮೇಲೆ 32 ಅಥವಾ 64 ಜಿಬಿಯ ಯಂತ್ರವಿದ್ದಾಗ ಅದು ಸರಿಯಾದ ಸಲಹೆಯೇ. ನಮ್ಮ ಮಕ್ಕಳ 8 ಜಿಬಿ ಲ್ಯಾಪ್‌ಟಾಪಿಗೆ ಬಂದಾಗ ಅದು ಕೆಟ್ಟ ಸಲಹೆಯಾಗುತ್ತದೆ. ತಪ್ಪು ಯಾರದು ಎಂದರೆ, ಕೋರ್ ಎಣಿಸಿ ಮೆಮೊರಿಯನ್ನು ಎಣಿಸದ ಈ ಪೂರ್ವನಿಯೋಜಿತ ಲೆಕ್ಕದ್ದು ಎಂದೇ ನಾನು ಹೇಳುತ್ತೇನೆ.

ಕೋರ್ ಮತ್ತು ಮೆಮೊರಿ ಒಂದೇ ಜಾತಿಯ ಸಂಪತ್ತಲ್ಲ ಎಂಬುದು ವರ್ಚುವಲ್ ಮಷಿನ್‌ನಲ್ಲಿ ಇನ್ನಷ್ಟು ಎದ್ದು ಕಾಣುತ್ತದೆ. ಊರಲ್ಲಿ ಒಂದು ಜೋಡಿ ಎತ್ತನ್ನು ನಾಲ್ಕು ಮನೆಯವರು ಪಾಳಿಯ ಮೇಲೆ ಬಳಸಬಹುದು. ಉಳುಮೆ ತಡವಾಗುತ್ತದೆ, ಆದರೆ ಎಲ್ಲರ ಹೊಲವೂ ಉಳುಮೆಯಾಗುತ್ತದೆ. ಹಗೇವಿನ ಮಾತು ಬೇರೆ. ಹತ್ತು ಚೀಲ ಜೋಳ ಹಿಡಿಸುವ ಹಗೇವಿನಲ್ಲಿ ಪಾಳಿಯ ಮೇಲೆ ಇಪ್ಪತ್ತು ಚೀಲ ತುಂಬಲಾಗದು. ಪ್ರೊಸೆಸರ್ ಎತ್ತಿನ ಜೋಡಿಯಂತೆ, ಸಮಯವನ್ನು ಹಂಚಿಕೊಳ್ಳುತ್ತದೆ. ಲ್ಯಾಪ್‌ಟಾಪಿನಲ್ಲಿ ಇರುವುದಕ್ಕಿಂತ ಹೆಚ್ಚು ಕೋರ್‌ಗಳನ್ನು ವರ್ಚುವಲ್ ಮಷಿನ್‌ಗೆ ತೋರಿಸಿದರೂ ಕೆಲಸ ನಿಧಾನವಾದೀತು, ಸಾಯುವುದಿಲ್ಲ. ಮೆಮೊರಿ ಹಗೇವಿನಂತೆ. ತುಂಬಿತೆಂದರೆ ತುಂಬಿತು.

ಹಾಗಾಗಿ ಯಾವುದೇ ಯಂತ್ರ ನೋಡಿದಾಗ ‘ಎಷ್ಟು ಕೋರ್’ ಎಂದು ಕೇಳುವುದಕ್ಕಿಂತ ‘ಕೋರ್ ಒಂದಕ್ಕೆ ತಲಾ ಎಷ್ಟು ಮೆಮೊರಿ’ ಎಂದು ಕೇಳಬೇಕು. ತಲಾ ಆದಾಯ ಇದ್ದಂತೆ ಇದು ತಲಾ ಮೆಮೊರಿ. ಗಿಟ್‌ಹಬ್ ಸಂಸ್ಥೆ ಎಲ್ಲರಿಗೂ ತೆರೆದ ಪ್ರಾಜೆಕ್ಟ್‌ಗಳಿಗೆ ಉಚಿತವಾಗಿ ಕೊಡುವ ಲಿನಕ್ಸ್ ಯಂತ್ರಗಳಲ್ಲಿ 2024ರಿಂದ 4 ಕೋರ್‌ಗೆ 16 ಜಿಬಿ ಇದೆ, ತಲಾ ನಾಲ್ಕು ಜಿಬಿ. ಇಳಕಲ್ಲಿನ ಹುಡುಗಿಯ ವರ್ಚುವಲ್ ಮಷಿನ್‌ನಲ್ಲಿ ತಲಾ ಒಂದು ಜಿಬಿ, ಅದೂ ಡೆಸ್ಕ್‌ಟಾಪಿನ ಪಾಲು ಕಳೆಯುವ ಮೊದಲು. ಭಾರಿ ಸಿ++ ಕೋಡ್‌ಗೆ ಒಂದು ಕೆಲಸಕ್ಕೆ ಎರಡು ಜಿಬಿ ಇಟ್ಟುಕೊಳ್ಳುವುದು ವಾಡಿಕೆಯ ಲೆಕ್ಕ.

ವರ್ಚುವಲ್ ಮಷಿನ್‌ನಲ್ಲಿ ಗೋಡೆಗಳು ಎರಡು ಎಂಬುದನ್ನೂ ನೆನಪಿಡಬೇಕು. ಒಳಗಿನ ಲಿನಕ್ಸ್‌ಗೆ ಗೊತ್ತಿರುವುದು ತನಗೆ ಕೊಟ್ಟ 4 ಜಿಬಿ ಮಾತ್ರ. ಹೊರಗೆ ವಿಂಡೋಸ್‌ನಲ್ಲಿ 2 ಜಿಬಿ ಖಾಲಿ ಬಿದ್ದಿದ್ದರೂ ಅದು ಒಳಗಿನವರಿಗೆ ಕಾಣದು. ‘ಹಾಗಾದರೆ 7 ಜಿಬಿ ಕೊಟ್ಟುಬಿಡೋಣ’ ಎಂದು ಸರಿದೂಗಿಸಲು ಹೋದರೆ ಹೊರಗಿನ ವಿಂಡೋಸ್ ಉಸಿರುಗಟ್ಟುತ್ತದೆ, ಲ್ಯಾಪ್‌ಟಾಪ್ ಪೂರ್ತಿ ಕಲ್ಲಾಗುತ್ತದೆ. ಕೆಲವು ವ್ಯವಸ್ಥೆಗಳಲ್ಲಿ ಹೊರಗಿನ ಯಂತ್ರ ತನಗೆ ಮೆಮೊರಿ ಸಾಲದಾದಾಗ ಒಳಗಿನವರ ಮೆಮೊರಿಯನ್ನೇ ಡಿಸ್ಕಿಗೆ ತಳ್ಳುತ್ತದೆ. ಒಳಗಿನ ಲಿನಕ್ಸ್ ತನ್ನ ಪುಟ, ಅಂದರೆ ಮೆಮೊರಿಯ ತುಂಡು, ರ‍್ಯಾಮ್‌ನಲ್ಲಿದೆ ಎಂದು ನಂಬಿರುತ್ತದೆ, ವಾಸ್ತವದಲ್ಲಿ ಅದು ಡಿಸ್ಕಿನಲ್ಲಿರುತ್ತದೆ. ಆಗ ಎಲ್ಲವೂ ಏಕೆ ಇಷ್ಟು ನಿಧಾನ ಎಂದು ಒಳಗಿನಿಂದ ನೋಡುವವರಿಗೆ ಅರ್ಥವೇ ಆಗುವುದಿಲ್ಲ. ವಿಂಡೋಸ್‌ನೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್2 ಬಳಸುವವರು ತಾವು ವರ್ಚುವಲ್ ಮಷಿನ್ ಬಳಸುತ್ತಿಲ್ಲ ಎಂದುಕೊಂಡಿರುತ್ತಾರೆ. ಅದೂ ವರ್ಚುವಲ್ ಮಷಿನ್ನೇ. ಬದಲಾಯಿಸದಿದ್ದರೆ ಲ್ಯಾಪ್‌ಟಾಪಿನ ಒಟ್ಟು ರ‍್ಯಾಮ್‌ನ ಅರ್ಧವೇ ಅದರ ಮಿತಿ.

ಇನ್ನು ಕರ್ನಲ್ ಏಕೆ ಕೊಲ್ಲುತ್ತದೆ? ಮೆಮೊರಿ ಇಲ್ಲ ಎಂದು ಮೊದಲೇ ಹೇಳಬಹುದಿತ್ತಲ್ಲ? ಲಿನಕ್ಸ್ ಸಾಮಾನ್ಯವಾಗಿ ಮೆಮೊರಿಯನ್ನು ಉದ್ರಿಯ ಮೇಲೆ ಕೊಡುತ್ತದೆ. ಪ್ರೋಗ್ರಾಂ ಕೇಳಿದಾಗ ‘ಆಯಿತು’ ಎಂದು ಖಾತೆಯಲ್ಲಿ ಬರೆದುಕೊಳ್ಳುತ್ತದೆ. ನಿಜವಾದ ರ‍್ಯಾಮ್ ಕೊಡುವುದು ಪ್ರೋಗ್ರಾಂ ಆ ಜಾಗವನ್ನು ಮೊದಲ ಸಲ ಮುಟ್ಟಿದಾಗ. ಬಹಳಷ್ಟು ಪ್ರೋಗ್ರಾಂಗಳು ಕೇಳಿದಷ್ಟನ್ನು ಬಳಸುವುದಿಲ್ಲವಾದ್ದರಿಂದ ಈ ವ್ಯವಹಾರ ಸಾಮಾನ್ಯ ದಿನಗಳಲ್ಲಿ ಸುಗಮವಾಗಿ ನಡೆಯುತ್ತದೆ. ಕಂಪೈಲರ್‌ಗಳು ಮತ್ತು ಲಿಂಕರ್‌ಗಳು ಹಾಗಲ್ಲ, ಕೇಳಿದ್ದನ್ನು ನಿಜವಾಗಿಯೂ ಬಳಸುತ್ತವೆ. ಆರೂ ಒಟ್ಟಿಗೆ ಬಂದು ಕೊಡು ಎಂದಾಗ ಕೊಡಲು ಏನೂ ಇರುವುದಿಲ್ಲ. ಇಲ್ಲ ಎಂದು ಹೇಳುವ ಹೊತ್ತು ಆಗಲೇ ಮೀರಿರುತ್ತದೆ. ಆಗ ಕರ್ನಲ್ ಹೆಚ್ಚು ಮೆಮೊರಿ ಹಿಡಿದವರನ್ನು ಹುಡುಕಿ ಕೊಲ್ಲುತ್ತದೆ, ಉಳಿದವರು ಬದುಕಲಿ ಎಂದು. ಕಂಪೈಲ್ ನಡೆಯುವ ಯಂತ್ರದಲ್ಲಿ ಆ ದೊಡ್ಡ ಹೊಟ್ಟೆಯವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ದೊಡ್ಡವರಿಗೂ ಈ ಗೋಡೆ ಅಡ್ಡ ಬಂದಿದೆ. 2011ರ ಡಿಸೆಂಬರ್‌ನಲ್ಲಿ ಫೈರ್‌ಫಾಕ್ಸ್ ಬ್ರೌಸರ್‌ನ ವಿಂಡೋಸ್ ಆವೃತ್ತಿಯನ್ನು ಕಟ್ಟುವಾಗ ಲಿಂಕರ್‌ಗೆ ಸಿಗುತ್ತಿದ್ದ 3 ಜಿಬಿ ವಿಳಾಸಜಾಗ ಸಾಲದೆ ಹೋಯಿತು. ಅದು 32 ಬಿಟ್‌ನ ಲಿಂಕರ್, ಯಂತ್ರಕ್ಕೆ ಎಷ್ಟು ರ‍್ಯಾಮ್ ಹಾಕಿದರೂ ಅದಕ್ಕಿಂತ ಹೆಚ್ಚು ಮುಟ್ಟಲಾರದು. ಹೊಸ ಕೋಡ್ ಸೇರಿಸುವುದನ್ನೇ ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ಕೆಲಕಾಲ ನಿಲ್ಲಿಸಬೇಕಾಯಿತು. ಜಗತ್ತಿನ ಅನುಭವಿ ಎಂಜಿನಿಯರ್‌ಗಳು ಕುಳಿತ ಜಾಗದಲ್ಲಿಯೇ ಹೀಗಾಗಿದ್ದರೆ, ಅಂತಿಮ ವರ್ಷದ ವಿದ್ಯಾರ್ಥಿನಿ ತನ್ನನ್ನು ಹಳಿದುಕೊಳ್ಳುವ ಅಗತ್ಯ ಖಂಡಿತ ಇಲ್ಲ.

ಅಲ್ಲಿಂದೀಚೆಗೆ ತಂತ್ರಾಂಶಗಳು ಇನ್ನೂ ಬೆಳೆದಿವೆ. ಕ್ರೋಮಿಯಂ ಬ್ರೌಸರನ್ನು ಕಟ್ಟಲು ಕನಿಷ್ಠ 8 ಜಿಬಿ, 16ಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು ಎಂದು ಅದರ ಕೈಪಿಡಿ ಹೇಳುತ್ತದೆ. ಆಂಡ್ರಾಯ್ಡನ್ನು ಪೂರ್ತಿಯಾಗಿ ಕಟ್ಟಲು ಗೂಗಲ್ ಈಗ ಕೇಳುವುದು 64 ಜಿಬಿ ರ‍್ಯಾಮ್. ಕೃತಕ ಬುದ್ಧಿಮತ್ತೆಯ ಮಾದರಿಗಳಲ್ಲಿ ಬಳಸುವ ಫ್ಲ್ಯಾಶ್ ಅಟೆನ್ಷನ್ ಎಂಬ ಲೈಬ್ರರಿಯ ಸೂಚನೆಯಲ್ಲಂತೂ, ನಿಮ್ಮ ಯಂತ್ರದಲ್ಲಿ 96 ಜಿಬಿಗಿಂತ ಕಡಿಮೆ ರ‍್ಯಾಮ್ ಇದ್ದು ಕೋರ್‌ಗಳು ಬಹಳಷ್ಟಿದ್ದರೆ ಏಕಕಾಲದ ಕೆಲಸಗಳಿಗೆ ಮಿತಿ ಹಾಕಿಕೊಳ್ಳಿ ಎಂಬ ಎಚ್ಚರಿಕೆ ಇದೆ. 96 ಜಿಬಿ! ಆ ಅಂಕಿಯನ್ನು ತರಗತಿಯಲ್ಲಿ ಓದಿ ಹೇಳಿದಾಗ ಒಂದು ನಿಮಿಷ ಯಾರೂ ಮಾತಾಡಲಿಲ್ಲ.

‘ರ‍್ಯಾಮ್ ಹೆಚ್ಚು ಹಾಕಿಸಿಕೊಳ್ಳಿ’ ಎಂಬುದು ಮೊದಲೆಲ್ಲ ಸುಲಭದ ಉತ್ತರವಾಗಿತ್ತು. ಈಗ ಹಾಗಿಲ್ಲ. 2025ರ ಕೊನೆಯ ತಿಂಗಳುಗಳಿಂದ ಮೆಮೊರಿ ಬೆಲೆ ಕಡಿದಾಗಿ ಏರಿದೆ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಿಗೆ ಬೇಕಾದ ದುಬಾರಿ ಮೆಮೊರಿಯತ್ತ ತಯಾರಕರು ತಿರುಗಿದ್ದಾರೆ. ಅಮೆರಿಕದ ಮೈಕ್ರಾನ್ ಸಂಸ್ಥೆ ಸಾಮಾನ್ಯ ಗ್ರಾಹಕರಿಗೆ ಕ್ರೂಶಿಯಲ್ ಹೆಸರಿನಲ್ಲಿ ಮಾರುತ್ತಿದ್ದ ಮೆಮೊರಿಯ ವ್ಯವಹಾರವನ್ನೇ ಕೈಬಿಡುವುದಾಗಿ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಇದರ ಮೇಲೆ, ಈಗಿನ ಬಹಳಷ್ಟು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಹಣವಿದ್ದರೂ ಸೇರಿಸಲು ಜಾಗವಿಲ್ಲ. ಬಾಗಲಕೋಟೆಯಲ್ಲಿ, ಬೆಳಗಾವಿಯಲ್ಲಿ, ವಿಜಯಪುರದಲ್ಲಿ ಓದುವ ಮಕ್ಕಳಲ್ಲಿ ಎಷ್ಟೋ ಮಂದಿಗೆ ಮೊದಲ ವರ್ಷದಲ್ಲಿ ಮನೆಯವರು ಸಾಲ ಮಾಡಿ ಕೊಡಿಸಿದ 8 ಜಿಬಿ ಲ್ಯಾಪ್‌ಟಾಪೇ ನಾಲ್ಕು ವರ್ಷದ ಆಸ್ತಿ. ಅದರಲ್ಲಿಯೇ ಕೆಲಸವಾಗಬೇಕು. ಆಗುತ್ತದೆ ಕೂಡ.

ಮೊದಲು ಮಾಡಬೇಕಾದದ್ದು ಏಕಕಾಲದ ಕೆಲಸಗಳನ್ನು ಇಳಿಸುವುದು. ಬಳಸಬಹುದಾದ ಮೆಮೊರಿಯನ್ನು ಒಂದು ಕೆಲಸಕ್ಕೆ ಬೇಕಾದ ಮೆಮೊರಿಯಿಂದ ಭಾಗಿಸಿ, ಬಂದ ಅಂಕಿಯನ್ನು ‘-ಜೆ’ಯ ಮುಂದೆ ಬರೆಯಬೇಕು. ‘ಫ್ರೀ’ ಆದೇಶ ಕೊಟ್ಟಾಗ ‘ಅವೈಲಬಲ್’ ಎಂಬ ಕಂಬಸಾಲನ್ನು ನೋಡಿ. ‘ಫ್ರೀ’ ಎಂಬ ಕಂಬಸಾಲಿನಲ್ಲಿ ಅಂಕಿ ಸಣ್ಣದಿದ್ದರೆ ಹೆದರಬೇಡಿ, ಲಿನಕ್ಸ್ ಖಾಲಿ ರ‍್ಯಾಮನ್ನು ಕಡತಗಳ ಸಂಗ್ರಹಕ್ಕೆ ಬಳಸಿಕೊಂಡಿರುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ಒಂದು ಕೆಲಸಕ್ಕೆ ಎಷ್ಟು ಬೇಕು ಎಂದು ಊಹಿಸುವ ಬದಲು ಅಳೆಯಬಹುದು. ಭಾರವೆನಿಸಿದ ಒಂದು ಕಡತದ ಕಂಪೈಲ್ ಆದೇಶದ ಮುಂದೆ ಜಿಎನ್‌ಯು ಟೈಮ್ ಪ್ರೋಗ್ರಾಮನ್ನು ‘-ವಿ’ ಆಯ್ಕೆಯೊಂದಿಗೆ ಸೇರಿಸಿದರೆ, ಗರಿಷ್ಠ ಎಷ್ಟು ರ‍್ಯಾಮ್ ಹಿಡಿಯಿತು ಎಂದು ಕೊನೆಯಲ್ಲಿ ಹೇಳುತ್ತದೆ. ಈ ಒಂದು ಅಳತೆ ಕಲಿತ ವಿದ್ಯಾರ್ಥಿ ಮತ್ತೆ ಕತ್ತಲಲ್ಲಿ ತಡಕಾಡುವುದಿಲ್ಲ.

ಕೆಲಸ ಕಡಿಮೆ ಮಾಡಿದರೆ ಹೊತ್ತು ಹೆಚ್ಚಾಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಕಾಗದದ ಮೇಲೆ ಹೌದು. ಆದರೆ ಆರು ಕೆಲಸ ಓಡಿಸಿ ಎರಡು ಗಂಟೆಯ ನಂತರ ಸಾಯುವುದಕ್ಕಿಂತ ಎರಡು ಕೆಲಸ ಓಡಿಸಿ ಐದು ಗಂಟೆಯಲ್ಲಿ ಮುಗಿಯುವುದು ಬೇಗವೇ. ವರ್ಚುವಲ್ ಮಷಿನ್‌ಗೆ ಕೊಟ್ಟ ಕೋರ್‌ಗಳನ್ನೇ ನಾಲ್ಕರಿಂದ ಎರಡಕ್ಕೆ ಇಳಿಸುವುದು ಇನ್ನೂ ಸರಳ. ಕೋರ್ ಎಣಿಸುವ ಸಾಧನಗಳೆಲ್ಲ ತಾವಾಗಿಯೇ ತೆಪ್ಪಗಾಗುತ್ತವೆ. ‘ಕೋರ್ ಕಡಿಮೆ ಮಾಡು’ ಎಂಬ ಸಲಹೆಯನ್ನು ಮಕ್ಕಳು ಮೊದಲು ನಂಬುವುದೇ ಇಲ್ಲ, ಒಮ್ಮೆ ಮಾಡಿ ನೋಡಿದ ಮೇಲೆ ನಂಬುತ್ತಾರೆ.

ಕಂಪೈಲ್‌ಗೂ ಲಿಂಕ್‌ಗೂ ಬೇರೆ ಬೇರೆ ಮಿತಿ ಇರಬೇಕು. ಈ ವಿಷಯದಲ್ಲಿ ಎಲ್‌ಎಲ್‌ವಿಎಂ ತಂಡವನ್ನು ಮೆಚ್ಚಲೇಬೇಕು. ಏಕಕಾಲಕ್ಕೆ ಎಷ್ಟು ಲಿಂಕ್ ಎಂದು ಪ್ರತ್ಯೇಕವಾಗಿ ಹೇಳುವ ಆಯ್ಕೆಯನ್ನು ಅವರು ಕೊಟ್ಟಿದ್ದಾರೆ, ಅದನ್ನು ಒಂದು ಎಂದಿಟ್ಟರೆ ಕೊಂಡಿ ಒಂದೊಂದೇ ಬೀಳುತ್ತದೆ. ಇತ್ತೀಚಿನ ಆವೃತ್ತಿಗಳಲ್ಲಿ ಇನ್ನೂ ಮುಂದೆ ಹೋಗಿದ್ದಾರೆ: ಒಂದು ಕಂಪೈಲ್‌ಗೆ ಇಷ್ಟು, ಒಂದು ಲಿಂಕ್‌ಗೆ ಇಷ್ಟು ಮೆಮೊರಿ ಎಂದು ಹೇಳಿದರೆ, ಯಂತ್ರದ ಮೆಮೊರಿ ನೋಡಿ ಕೆಲಸಗಳ ಸಂಖ್ಯೆಯನ್ನು ಅದೇ ಲೆಕ್ಕಹಾಕುತ್ತದೆ. ಅಂದರೆ ಮೆಮೊರಿ ಎಣಿಸುವುದು ಸಾಧನಗಳಿಗೆ ಅಸಾಧ್ಯವೇನಲ್ಲ. ಈ ಲೆಕ್ಕ ಎಲ್ಲ ಸಾಧನಗಳಲ್ಲಿಯೂ ಹೇಳದೆಯೇ ನಡೆಯುವಂತಾಗಬೇಕು ಎಂಬುದು ನನ್ನ ಹಂಬಲ. ಮುಕ್ತ ತಂತ್ರಾಂಶಕ್ಕೆ ಕೊಡುಗೆ ಕೊಡಬೇಕೆನ್ನುವ ನಮ್ಮ ಭಾಗದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗಲಾರದು. ಈ ಕಷ್ಟ ಅವರಿಗೆ ಗೊತ್ತಿರುವಷ್ಟು 64 ಜಿಬಿಯವರಿಗೆ ಗೊತ್ತಿಲ್ಲ.

ಕಟ್ಟುವ ಸರಕನ್ನೂ ಹಗುರಮಾಡಬಹುದು. ಡಿಬಗ್ ಮಾದರಿಯ ಬದಲು, ಡಿಬಗ್ ಮಾಹಿತಿ ಇಲ್ಲದ ರಿಲೀಸ್ ಮಾದರಿ ಆರಿಸಿದರೆ ಲಿಂಕ್‌ನ ಭಾರ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಎಲ್‌ಎಲ್‌ವಿಎಂ ಹತ್ತಾರು ಬಗೆಯ ಪ್ರೊಸೆಸರ್‌ಗಳಿಗೆ ಕೋಡ್ ತಯಾರಿಸಬಲ್ಲದು, ನಮಗೆ ಬೇಕಾದ ಒಂದನ್ನೇ ಆರಿಸಿದರೆ ಉಳಿದವು ಕಂಪೈಲೇ ಆಗುವುದಿಲ್ಲ. ಹಳೆಯ ಲಿಂಕರ್ ಬದಲು ಎಲ್‌ಎಲ್‌ಡಿ ಅಥವಾ ಮೋಲ್ಡ್ ಬಳಸಿದರೆ ಸಮಯ ಬಹಳ ಉಳಿಯುತ್ತದೆ. ಕಂಪೈಲ್ ನಡೆಯುವಷ್ಟು ಹೊತ್ತು ಒಳಗಿನ ಉಬುಂಟುವನ್ನು ಡೆಸ್ಕ್‌ಟಾಪ್ ಇಲ್ಲದೆ, ಬರಿಯ ಅಕ್ಷರದ ಪರದೆಯಲ್ಲಿ ಓಡಿಸಿ. ಹೊರಗೆ ಬ್ರೌಸರ್ ಮುಚ್ಚಿ.

ಸ್ವಾಪ್ ಬಗ್ಗೆ ಎರಡು ಮಾತು. ರ‍್ಯಾಮ್ ತುಂಬಿದಾಗ ಸದ್ಯಕ್ಕೆ ಬೇಡದ ಪುಟಗಳನ್ನು ಇಡಲು ಡಿಸ್ಕಿನಲ್ಲಿ ಮೀಸಲಿಟ್ಟ ಜಾಗವೇ ಸ್ವಾಪ್. ಕ್ಲೌಡ್‌ನಲ್ಲಿ ಸಿಗುವ 1 ಜಿಬಿಯ ಸಣ್ಣ ಯಂತ್ರಗಳಲ್ಲಿ ಸಾಮಾನ್ಯವಾಗಿ ಇದು ಇರುವುದೇ ಇಲ್ಲ, ನಾವೇ ಕಡತ ಮಾಡಿ ಸೇರಿಸಬೇಕು. ನಾಲ್ಕು ಆದೇಶಗಳ ಕೆಲಸ. ಲಿಂಕ್‌ನ ಒಂದೆರಡು ಉಬ್ಬುಗಳನ್ನು ದಾಟಿಸಲು ಸ್ವಾಪ್ ಅತ್ಯುತ್ತಮ. ಆದರೆ ಆರು ಕೆಲಸಗಳ ಹೊರೆಯನ್ನು ಸ್ವಾಪ್ ಮೇಲೆ ಹೊರಿಸಿದರೆ, ಹಳೆಯ ಹಾರ್ಡ್ ಡಿಸ್ಕಿನಲ್ಲಂತೂ, ಯಂತ್ರ ಸಾಯುವುದೂ ಇಲ್ಲ, ಬದುಕುವುದೂ ಇಲ್ಲ. ಪುಟಗಳನ್ನು ಒಳಗೆ ಹೊರಗೆ ಸಾಗಿಸುವುದರಲ್ಲೇ ರಾತ್ರಿ ಕಳೆಯುತ್ತದೆ. ಆಪರೇಟಿಂಗ್ ಸಿಸ್ಟಮ್ ವಿಷಯದಲ್ಲಿ ಇದನ್ನೇ ‘ಥ್ರ್ಯಾಶಿಂಗ್’ ಎಂದು ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿರುತ್ತಾರೆ. ಮೂರು ದಿನ ತಮ್ಮದೇ ಲ್ಯಾಪ್‌ಟಾಪಿನಲ್ಲಿ ಅದು ನಡೆದಾಗ ಗುರುತಿಸುವುದಿಲ್ಲ. ಪುಟ ಬದಲಾವಣೆಯ ಸೂತ್ರಗಳನ್ನು ಸಿ ಭಾಷೆಯಲ್ಲಿ ಬರೆಸುವ ಪ್ರಯೋಗಾಲಯದಲ್ಲಿಯೇ ಒಂದು ಸಣ್ಣ ವರ್ಚುವಲ್ ಮಷಿನ್ ಕೊಟ್ಟು, ಬೇಕೆಂದೇ ಮೆಮೊರಿ ಮುಗಿಸಿ, ಕರ್ನಲ್‌ನ ದಿನಚರಿಯನ್ನು ಓದಿಸಬೇಕು. ಒಂದು ಮಧ್ಯಾಹ್ನ ಸಾಕು.

ಇಷ್ಟೆಲ್ಲ ಮಾಡಿದರೂ ಜಗ್ಗದ ಸಂದರ್ಭಗಳಿವೆ. ಒಂದೇ ಒಂದು ಕಡತ ಇಡೀ ಯಂತ್ರದ ರ‍್ಯಾಮ್‌ಗಿಂತ ಹೆಚ್ಚು ಕೇಳಿದರೆ, ಕೆಲಸಗಳ ಸಂಖ್ಯೆಯನ್ನು ಒಂದಕ್ಕೆ ಇಳಿಸಿದರೂ ಪ್ರಯೋಜನವಿಲ್ಲ. ಆ ಕಡತಕ್ಕೆ ಮಾತ್ರ ಆಪ್ಟಿಮೈಸೇಷನ್, ಅಂದರೆ ಕೋಡನ್ನು ಚುರುಕುಗೊಳಿಸುವ ಕೆಲಸದ, ಮಟ್ಟ ಇಳಿಸಿ ನೋಡಬಹುದು, ಕೋಡ್ ನಮ್ಮದೇ ಆದರೆ ಕಡತವನ್ನು ಒಡೆಯಬಹುದು. ಅದೂ ಆಗದಿದ್ದರೆ ಸಿದ್ಧವಾಗಿ ಸಿಗುವ ಪ್ಯಾಕೇಜ್ ಬಳಸುವುದೇ ವಿವೇಕ.

ಆ ಸಂಜೆ ನಾವಿಬ್ಬರೂ ಕುಳಿತು ಅವಳ ಯಂತ್ರದಲ್ಲಿ ಐದು ಬದಲಾವಣೆ ಮಾಡಿದೆವು: ಎರಡು ಕೋರ್, ಎರಡು ಕಂಪೈಲ್, ಒಂದು ಲಿಂಕ್, ರಿಲೀಸ್ ಮಾದರಿ, 6 ಜಿಬಿ ಸ್ವಾಪ್. ಹೊರಡುವ ಮುನ್ನ ಅವಳು ನೋಟ್‌ಬುಕ್ಕಿನಲ್ಲಿ ಭಾಗಾಕಾರವನ್ನು ತಾನೇ ಮತ್ತೊಮ್ಮೆ ಮಾಡಿ ನೋಡಿಕೊಂಡಳು. ರಾತ್ರಿ ಇಳಕಲ್ಲಿನ ಮನೆಯಲ್ಲಿ ಕೆಲಸ ಶುರುವಾಯಿತು. ನಡುರಾತ್ರಿ ಒಮ್ಮೆ ಕರೆಂಟ್ ಹೋಗಿ ಬ್ಯಾಟರಿ ಮುಗಿದು ಲ್ಯಾಪ್‌ಟಾಪ್ ನಿಂತಿತಂತೆ. ಕರೆಂಟ್ ಬಂದ ಮೇಲೆ ಎದ್ದು ಅದೇ ಆದೇಶ ಕೊಟ್ಟು ಮಲಗಿದಳಂತೆ. ಬಿಟ್ಟಲ್ಲಿಂದಲೇ ಮುಂದುವರಿಯಿತು.

ಬೆಳಗ್ಗೆ ಎಂಟಕ್ಕೆ ನನ್ನ ಮೊಬೈಲಿಗೆ ಎರಡು ಚಿತ್ರ ಬಂದವು. ಮೊದಲನೆಯದರಲ್ಲಿ ನಿಂಜಾದ ಕೊನೆಯ ಸಾಲು, ಓರೆಗೆರೆಯ ಎರಡೂ ಬದಿಗೆ ಒಂದೇ ಸಂಖ್ಯೆ. ಎರಡನೆಯದರಲ್ಲಿ ‘ಡಿಎಂಇಎಸ್‌ಜಿ’ಯಲ್ಲಿ ‘ಕಿಲ್ಡ್’ ಎಂಬ ಪದವನ್ನು ಹುಡುಕಿದ ಆದೇಶ, ಅದರ ಕೆಳಗೆ ಖಾಲಿ ಪರದೆ.